ಬಾಟಲಿಯ ಮೇಲಿನ ಗೀಟು

ಕೂಸಿನ ಔಷಧಕ್ಕೆ ಅಳತೆ ಬೇಕು ಅನ್ನುವುದನ್ನು ಇಂಗ್ಲಿಷ್ ಔಷಧ ಬಂದು ನಮ್ಮ ಸೀಮೆಗೆ ಕಲಿಸಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹಳೆಯ ಮನೆಗಳ ಮಾಡದಲ್ಲಿ ಕೈಯಾಡಿಸಿದರೆ ಇಂದಿಗೂ ಒಂದು ಸಾಣೆಕಲ್ಲು, ಹಳೆ ಬಟ್ಟೆಯಲ್ಲಿ ಕಟ್ಟಿಟ್ಟ ಬೇರು-ಕಾಯಿಗಳ ಗಂಟು, ಮೂತಿ ಚೂಪಾದ ಒಂದು ಒಳಲೆ ಸಿಕ್ಕಾವು. ಬಜೆ, ಅಳಲೆಕಾಯಿ, ಜಾಜಿಕಾಯಿ, ಮುರಡಶೇಂಗ, ಅರಿಷಿಣದ ಕೊಂಬು, ಉತ್ತತ್ತಿ, ಹೀಗೆ ಒಂದೊಂದನ್ನೇ ಕಲ್ಲಿನ ಮೇಲೆ ತೇಯ್ದು, ಬೆರಳಿನಿಂದ ಬಳಿದು ಗುಟ್ಟಿ ಹಾಕುತ್ತಿದ್ದರು. ಲೆಕ್ಕವೆಲ್ಲ ಸುತ್ತಿನ ಮೇಲೆ. ಮೂರು ತಿಂಗಳ ಕೂಸಿಗೆ ಇಷ್ಟು ಸುತ್ತು, ಹಲ್ಲು ಬಂದ ಮೇಲೆ ಇಷ್ಟು. ಜಾಜಿಕಾಯಿಯ ಸರದಿ ಬಂದಾಗ ಮಾತ್ರ ಅಜ್ಜಿಯ ಕೈ ಬಿಗಿಯಾಗುತ್ತಿತ್ತು. ಅದು ಹೆಚ್ಚಾದರೆ ಕೂಸು ಮಂಪರಿಗೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು.

ಈ ಗುಟ್ಟಿಯನ್ನು ನಾನು ಎತ್ತಿ ಹಿಡಿಯುತ್ತಿಲ್ಲ. ಆರು ತಿಂಗಳ ತನಕ ತಾಯಿಯ ಹಾಲಿನ ಹೊರತು ಏನೂ ಬೇಡ ಎಂದು ಮಕ್ಕಳ ಡಾಕ್ಟರು ಹೇಳುವುದೇ ಸರಿ. ನಾನು ಹೇಳಹೊರಟಿದ್ದು ಬೇರೆ. ಬೇರು ಆರಿಸಿದವಳು, ತೇಯ್ದವಳು, ಕುಡಿಸಿದವಳು ಒಬ್ಬಳೇ. ಅಳತೆ ಅವಳ ಕೈಯಲ್ಲೇ ಹುಟ್ಟಿ ಅವಳ ಕೈಯಲ್ಲೇ ಮುಗಿಯುತ್ತಿತ್ತು. ಆಮೇಲೆ ಅದು ಅವಳ ಕೈ ಬಿಟ್ಟು ಕಂಪೌಂಡರನ ಕೈಗೆ ಹೋಯಿತು. ಅವನ ಕೈಯಿಂದ ಮತ್ತೆ ತಾಯಿಯ ಕೈಗೇ ಬಂತು. ಆದರೆ ಆ ಎರಡನೇ ಸಲ ಅದು ಬಂದದ್ದು ಹೇಳದೆ ಕೇಳದೆ. ಬನಹಟ್ಟಿಯಲ್ಲಿ ಔಷಧ ಅಂಗಡಿ ಇಟ್ಟುಕೊಂಡು ತಲೆ ನರೆಸಿಕೊಂಡ ನನ್ನಂಥವನಿಗೆ ಕಾಣುವ ಚರಿತ್ರೆ ಇಷ್ಟೇ.

ಗುಟ್ಟಿಗೆ ಬಗ್ಗದ ಬೇನೆಗಳು ಆಗಲೂ ಇದ್ದವು. ಕೂಸಿನ ಪಕ್ಕೆ ಒಳಸೇದಿ ಉಸಿರು ಏರಿದರೆ, ಅಂದರೆ ಈಗ ನಾವು ನ್ಯುಮೋನಿಯಾ ಅನ್ನುವುದು ಬಂದರೆ, ಹೊಟ್ಟೆಯ ಮೇಲೆ ಚುಟಿಗೆ ಇಡಿಸುತ್ತಿದ್ದರು. ಆ ಕಲೆ ಹೊತ್ತ ಹಿರಿಯರು ಈಗಲೂ ನಮ್ಮೂರಲ್ಲಿ ಇದ್ದಾರೆ. ಚುಟಿಗೆಯಿಂದ ಉಳಿದೆವು ಎಂದು ಅವರು ನಂಬುತ್ತಾರೆ. ಉಳಿಯದವರು ಹೇಳಲು ಬರುವುದಿಲ್ಲವಲ್ಲ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಕುಡಚಿಯ ತನಕ ಗಾಡಿ ಕಟ್ಟಿಕೊಂಡು ಹೋಗಿ, ಅಲ್ಲಿ ರೈಲು ಹತ್ತಿ ಮಿರಜದ ಮಿಷನ್ ದವಾಖಾನೆಗೆ ಓಡುತ್ತಿದ್ದರು. ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದ ಆ ಆಸ್ಪತ್ರೆ ನಮ್ಮ ಮುದುಕರ ಬಾಯಲ್ಲಿ ಇನ್ನೂ ಬರೀ ‘ಮಿರಜ’. ‘ಮಿರಜಕ್ಕ ಒಯ್ಯರಿ’ ಅಂದರೆ ಊರಿನ ಡಾಕ್ಟರು ಕೈಚೆಲ್ಲಿದರು ಎಂದೇ ಅರ್ಥ.

ನಮ್ಮಪ್ಪ ಜಮಖಂಡಿಯ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ರೋಗಿಗಳು ಮನೆಯಿಂದಲೇ ಖಾಲಿ ಬಾಟಲಿ ತೊಳೆದು ತರಬೇಕು; ತರದವರಿಗೆ ಬಾಟಲಿಯ ದುಡ್ಡು ಬೇರೆ. ಒಳಗಿನ ಕಪಾಟಿನಲ್ಲಿ ದೊಡ್ಡ ದೊಡ್ಡ ಜಾಡಿ, ಒಂದರಲ್ಲಿ ಗುಲಾಬಿ ಬಣ್ಣದ ಮಿಕ್ಚರ್, ಒಂದರಲ್ಲಿ ಸುಣ್ಣದ ತಿಳಿಯಂಥದು. ಔನ್ಸ್ ಗ್ಲಾಸನ್ನು ಮೇಜಿನ ಮೇಲಿಟ್ಟು ಎಂದೂ ಸುರಿಯುತ್ತಿರಲಿಲ್ಲ. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಔಷಧದ ತಗ್ಗಿದ ನಡುಭಾಗ ಗೀಟಿಗೆ ತಾಗುವವರೆಗೆ ಸಣ್ಣಗೆ ಬಿಡುತ್ತಿದ್ದರು. ಆಮೇಲಿನದು ಕೈಚಳಕ. ಬಿಳಿ ಕಾಗದದ ಒಂದು ಪಟ್ಟಿಯನ್ನು ಬಾಟಲಿಗೆ ಹಿಡಿದು, ಔಷಧ ನಿಂತ ಎತ್ತರಕ್ಕೆ ಕತ್ತರಿಸಿ, ಅದನ್ನು ಮಡಚಿ ಮಡಚಿ ಅಂಚಿಗೆ ಒಂದು ಕತ್ತರಿ ಏಟು. ಬಿಚ್ಚಿದರೆ ಸಮಸಮ ಹಲ್ಲು. ಮೈದಾ ಹಿಟ್ಟಿನ ಖಳಿ ಹಚ್ಚಿ ಅಂಟಿಸಿದರೆ ಆರು ಹಲ್ಲಿಗೆ ಆರು ಹೊತ್ತಿನ ಔಷಧ.

ಆ ಕಾಗದದ ಪಟ್ಟಿಯಷ್ಟು ಜಾಣತನದ ವಸ್ತು ನನ್ನ ಅಂಗಡಿಯಲ್ಲಿ ಈಗ ಯಾವುದೂ ಇಲ್ಲ ಅನ್ನುತ್ತೇನೆ. ಅಕ್ಷರ ಬಾರದವಳಿಗೂ ಅದು ಓದಲು ಬರುತ್ತಿತ್ತು. ಬೆಳಿಗ್ಗೆ ಒಂದು ಹಲ್ಲು ಇಳಿಸು, ಸಂಜೆ ಒಂದು ಹಲ್ಲು ಇಳಿಸು. ನಿನ್ನೆ ಕುಡಿಸಿದೆವೋ ಇಲ್ಲವೋ ಎಂಬ ಜಗಳಕ್ಕೆ ಬಾಟಲಿಯೇ ಸಾಕ್ಷಿ.

ಮಕ್ಕಳಿಗೆ ಎಷ್ಟು ಎನ್ನುವುದಕ್ಕೆ ಕಂಪೌಂಡರರು ಬಾಯಿಪಾಠ ಮಾಡುತ್ತಿದ್ದ ಒಂದು ಲೆಕ್ಕವಿತ್ತು, ಯಂಗ್ ಎಂಬ ಇಂಗ್ಲಿಷ್ ಡಾಕ್ಟರನ ಹೆಸರಿನದು. ಮಗುವಿನ ವಯಸ್ಸನ್ನು, ಅದೇ ವಯಸ್ಸಿಗೆ ಹನ್ನೆರಡು ಕೂಡಿಸಿದ ಸಂಖ್ಯೆಯಿಂದ ಭಾಗಿಸು. ನಾಲ್ಕು ವರ್ಷದ ಹುಡುಗನಿಗೆ ನಾಲ್ಕನ್ನು ಹದಿನಾರರಿಂದ ಭಾಗಿಸಿದರೆ ದೊಡ್ಡವರ ಔಷಧದ ಕಾಲುಪಾಲು. ಅರವತ್ತು ಮಿನಿಮ್ ಒಂದು ಡ್ರಾಮ್, ಎಂಟು ಡ್ರಾಮ್ ಒಂದು ಔನ್ಸ್. ಆ ಒಂದು ಡ್ರಾಮನ್ನೇ ‘ಟೀ ಚಮಚ’ ಅನ್ನುತ್ತಿದ್ದರು. ಇವತ್ತಿನ ಅಳತೆಯಲ್ಲಿ ಅದು ಸುಮಾರು ಮೂರೂವರೆ ಎಂಎಲ್. ಮೆಟ್ರಿಕ್ ಬಂದ ಮೇಲೆ ಔಷಧದ ಚಮಚ 5 ಎಂಎಲ್ ಆಯಿತು. ಹೆಸರು ಅದೇ ಉಳಿಯಿತು, ಹೊಟ್ಟೆ ದೊಡ್ಡದಾಯಿತು. ಅಜ್ಜಂದಿರ ಕಾಲದ ಸಣ್ಣ ಚಮಚವನ್ನು ತಂದು ‘ಇದರಾಗ ಕೊಟ್ರ ನಡೀತದೇನ್ರಿ’ ಎಂದು ಕೇಳಿದವರಿಗೆ ನಾನು ಇದನ್ನು ವಿವರಿಸಿ ಹೇಳಿದ್ದಿದೆ.

ಆಗ ನಮ್ಮ ಈ ನಾಲ್ಕು ಊರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. 1940ರ ಔಷಧ ಕಾಯ್ದೆ ಬ್ರಿಟಿಷ್ ಇಂಡಿಯಾದ ಕಾಯ್ದೆ. ಕಾಗದದ ಮೇಲೆ ಅದು ಬೀಳಗಿಗೆ ತಗಲುತ್ತಿತ್ತು, ಪಕ್ಕದ ಜಮಖಂಡಿಗೆ ಇಲ್ಲ. 1948ರ ಮಾರ್ಚ್ 8ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅದೇ ವರ್ಷ ಫಾರ್ಮಸಿ ಕಾಯ್ದೆಯೂ ಬಂತು. ಔಷಧ ಬೆರೆಸಿ ಕೊಡುವವನು ರಿಜಿಸ್ಟರ್ ಆಗಿರಬೇಕು, ಅದಕ್ಕೊಂದು ಓದು ಬೇಕು ಅಂದರು. ಮೊದಲ ಪಟ್ಟಿಗೆ ಮಾತ್ರ, ಐದು ವರ್ಷ ಔಷಧ ಬೆರೆಸಿದ ಅನುಭವ ಇದ್ದವರನ್ನೂ ಸೇರಿಸಿಕೊಂಡರು. ನಮ್ಮಪ್ಪ ಹೀಗೆ ಒಳಬಂದವರು. ಅವರ ಹಿಂದೆ ಬಂದ ನಾನು ಡಿಪ್ಲೊಮಾ ಮಾಡಲೇಬೇಕಾಯಿತು. ಒಂದು ಬಾಟಲಿಗೆ ನೀರು ಬೆರೆಸಲು ಸರ್ಕಾರ ನಮ್ಮನ್ನು ಪರೀಕ್ಷೆಗೆ ಕೂರಿಸಿತು ಅನ್ನುವುದನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಸಾಮಾನ್ಯ ಸೋಂಕುಗಳ ಹುಳವನ್ನೇ ಹತ್ತಿಕ್ಕುವ ಔಷಧ ಮೊದಲು ಬಂದದ್ದು ಸಲ್ಫಾ ರೂಪದಲ್ಲಿ. ಜರ್ಮನಿಯ ಡೊಮಾಕ್ 1935ರಲ್ಲಿ ಪ್ರಾಂಟೊಸಿಲ್ ಬಗ್ಗೆ ಪ್ರಕಟಿಸಿದ. 1938ರಲ್ಲಿ ಇಂಗ್ಲೆಂಡಿನ ಮೇ ಆ್ಯಂಡ್ ಬೇಕರ್ ಕಂಪನಿಯ ‘ಎಂ ಆ್ಯಂಡ್ ಬಿ 693’ ಬಂತು. ನ್ಯುಮೋನಿಯಾಕ್ಕೆ ಅದೇ ಮೊದಲ ನಿಜವಾದ ಗುಳಿಗೆ. 1943ರಲ್ಲಿ ಚರ್ಚಿಲ್ ನ್ಯುಮೋನಿಯಾ ಹಿಡಿದು ಮಲಗಿದಾಗ ಕೊಟ್ಟದ್ದೂ ಎಂ ಆ್ಯಂಡ್ ಬಿ ಗುಳಿಗೆಯೇ. ಅಪ್ಪ ಆ ಹೆಸರನ್ನು ದೇವರ ಹೆಸರಿನಷ್ಟೇ ಭಕ್ತಿಯಿಂದ ಹೇಳುತ್ತಿದ್ದರು. ಗುಳಿಗೆ ದೊಡ್ಡವರದು, ಕೂಸಿಗೆ ಹೇಗೆ? ಖಲಬತ್ತದಲ್ಲಿ ಅರೆದು, ಸಕ್ಕರೆ ಪುಡಿ ಸೇರಿಸಿ, ಕಾಗದದ ಮೇಲೆ ಹರಡಿ, ಚಾಕುವಿನ ತುದಿಯಿಂದ ಸಮಪಾಲು ಮಾಡಿ ಚೀಟಿ ಕಟ್ಟುತ್ತಿದ್ದರು. ತಾಯಿ ಮನೆಯಲ್ಲಿ ಒಂದು ಚೀಟಿ ಬಿಚ್ಚಿ, ನಾಲ್ಕು ಹನಿ ನೀರಿನಲ್ಲಿ ಕಲಸಿ, ಒಳಲೆಯಲ್ಲಿ ಕುಡಿಸಿದರೆ ಮುಗಿಯಿತು. ಅಳತೆಯ ಜವಾಬ್ದಾರಿ ಪೂರಾ ಕಂಪೌಂಡರನದು.

ಕಹಿ ಪುಡಿಯನ್ನು ಸಿಹಿ ನೀರು ಮಾಡಿ ಕೊಟ್ಟರೆ ಮಕ್ಕಳು ಸಲೀಸಾಗಿ ಕುಡಿಯುತ್ತಾರೆ ಎಂಬ ಆಸೆ ದೂರದ ಅಮೆರಿಕದಲ್ಲಿ ಒಂದು ಅನಾಹುತ ಮಾಡಿತು. 1937ರಲ್ಲಿ ಟೆನೆಸಿಯ ಮ್ಯಾಸೆಂಗಿಲ್ ಎಂಬ ಕಂಪನಿ ಸಲ್ಫನಿಲಮೈಡ್ ಎಂಬ ಸಲ್ಫಾ ಔಷಧವನ್ನು ದ್ರವ ಮಾಡಲು ಹೊರಟಿತು. ಅದು ನೀರಿನಲ್ಲಿ ಸರಿಯಾಗಿ ಕರಗದು. ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ ಕರಗಿತು. ರಾಸ್‌ಬೆರಿ ಹಣ್ಣಿನ ರುಚಿ ಬೆರೆಸಿದರು. ರುಚಿ ನೋಡಿದರು, ಬಣ್ಣ ನೋಡಿದರು, ವಿಷವೇ ಎಂದು ಮಾತ್ರ ನೋಡಲಿಲ್ಲ. ಮೂತ್ರಪಿಂಡ ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳ ಮಂದಿ ಮಕ್ಕಳು. ಮರುವರ್ಷವೇ ಅಮೆರಿಕ ಹೊಸ ಕಾಯ್ದೆ ತಂದಿತು. ಅದೇ ವಿಷ 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಗೆ ಗ್ಲಿಸರಿನ್ನಿನಲ್ಲಿ ಸೇರಿ ಬಂತು, ಹದಿನಾಲ್ಕು ಮಂದಿ ಹೋದರು, ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೂತಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ಪಿನಲ್ಲಿ ಮತ್ತೆ ಅದೇ. ಆ ಸುದ್ದಿ ಬಂದ ವಾರ ನಮ್ಮ ಅಂಗಡಿಯಲ್ಲಿ ತಾಯಂದಿರು ಯಾವ ಬಾಟಲಿ ಕೊಟ್ಟರೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ನೋಡಲಿ. ನೋಡಬೇಕಾದ್ದೇ. ಕಂಪನಿಯಲ್ಲಿ ಆಗುವ ತಪ್ಪನ್ನು ತಾಯಿ ಹಿಡಿಯಲಾರಳು, ಆದರೆ ಅಂಗಡಿಯಿಂದ ಬಿಲ್ಲು ಕೇಳಬಹುದು, ಬ್ಯಾಚ್ ನಂಬರು ಇರುವ ಪೆಟ್ಟಿಗೆಯನ್ನು ಔಷಧ ಮುಗಿಯುವ ತನಕ ಬಿಸಾಡದೆ ಇಡಬಹುದು.

ಪೆನಿಸಿಲಿನ್ ಕಥೆ ಎಲ್ಲರಿಗೂ ಗೊತ್ತು, ಉದ್ದ ಬೇಡ. ನಮ್ಮ ಪಾಲಿಗೆ ಮುಖ್ಯವಾದದ್ದು ಪುಣೆ ಪಕ್ಕದ ಪಿಂಪ್ರಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಅಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ ಎದ್ದಿತು, ಮರುವರ್ಷ ಪೆನಿಸಿಲಿನ್ ಹೊರಬಂತು. ಮಿರಜದ ದಾರಿಯಾಗಿ ನಮ್ಮ ಕಡೆಗೂ ಆ ಪುಟ್ಟ ಗಾಜಿನ ಸೀಸೆಗಳು ಬರತೊಡಗಿದವು. ಅವುಗಳ ರಬ್ಬರ್ ಬೂಚನ್ನು ಶಾಲೆಯ ಹುಡುಗರು ಪೆನ್ಸಿಲ್ ಗೀಟು ಅಳಿಸಲು ಒಯ್ಯುತ್ತಿದ್ದರು. ಕಂಪೌಂಡರನ ಮಗನಾದ ನನ್ನ ಹತ್ತಿರ ಅಂಥವು ರಾಶಿ ಇದ್ದವು, ತರಗತಿಯಲ್ಲಿ ನನಗೆ ಅದರಿಂದ ದೊಡ್ಡ ಮರ್ಯಾದೆ. ಆದರೆ ಆ ಪೆನಿಸಿಲಿನ್ ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ಸತ್ತೇ ಹೋಗುತ್ತದೆ. ಹಾಗಾಗಿ ಸೂಜಿಯೇ ಗತಿ. ‘ಸೂಜಿ ಮಾಡ್ರಿ, ಅಂದ್ರ ಆರಾಮ ಆಗತೈತಿ’ ಎನ್ನುವ ನಮ್ಮ ಜನರ ಹಟ ಆ ಕಾಲದ ಉಳಿಕೆ ಎಂದು ನನಗೆ ಅನಿಸುತ್ತದೆ. ಬಾಯಿಂದ ಕೊಟ್ಟರೂ ಅಷ್ಟೇ ಕೆಲಸ ಮಾಡುವ ಔಷಧ ಬಂದು ಐವತ್ತು ವರ್ಷ ದಾಟಿದರೂ ಹಟ ಹೋಗಿಲ್ಲ.

ಬಾಯಿಂದ ಕೊಡುವ ಔಷಧಗಳಲ್ಲಿ ಟೈಫಾಯಿಡ್ಡಿಗೆ ಕ್ಲೋರಾಂಫೆನಿಕಾಲ್ ದೊಡ್ಡ ಹೆಸರು ಮಾಡಿತು. ಅದು ವಿಪರೀತ ಕಹಿ. ಅದನ್ನು ಪಾಮಿಟೇಟ್ ಎಂಬ ರೂಪಕ್ಕೆ ತಿರುಗಿಸಿ ಬಾಯಲ್ಲಿ ಕರಗದಂತೆ, ಕರುಳಿಗೆ ಹೋಗಿ ಬಿಚ್ಚಿಕೊಳ್ಳುವಂತೆ ಮಾಡಿದರು. ಮಕ್ಕಳಿಗೆ ಕಹಿ ತಗಲದ ಬಿಳಿ ಸಿರಪ್ ಬಂತು. ಅದೇ ಔಷಧ 1959ರಲ್ಲಿ ಇನ್ನೊಂದು ಪಾಠವನ್ನೂ ಕಲಿಸಿತು. ಆಗತಾನೆ ಹುಟ್ಟಿದ ಕೂಸುಗಳಿಗೆ ಕೊಟ್ಟಾಗ ಮೈ ಬೂದುಬಣ್ಣಕ್ಕೆ ತಿರುಗಿ ಕೆಲವು ಸತ್ತವು. ಆ ವಯಸ್ಸಿಗೆ ಪಿತ್ತಜನಕಾಂಗ ಇನ್ನೂ ಬಲಿತಿರುವುದಿಲ್ಲ, ಔಷಧವನ್ನು ಹೊರಹಾಕಲು ಬರುವುದಿಲ್ಲ. ಕೂಸಿನ ಅಳತೆ ಅಂದರೆ ದೊಡ್ಡವರದರ ಒಂದು ಪಾಲು ಎನ್ನುವ ಯಂಗ್ ಲೆಕ್ಕ ಅಲ್ಲಿಗೆ ಮುರಿದುಬಿತ್ತು. ಟೆಟ್ರಾಸೈಕ್ಲಿನ್ನಿನದು ಬೇರೆ ಗುರುತು: ಚಿಕ್ಕಂದಿನಲ್ಲಿ ಅದನ್ನು ಕುಡಿದವರ ಹಲ್ಲು ಹಳದಿಗಟ್ಟುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಮಕ್ಕಳ ಡಾಕ್ಟರು ತೂಕದ ಮೇಲೆ ಔಷಧ ಬರೆಯತೊಡಗಿದ್ದು ಹೀಗೆ ಏಟು ತಿಂದು ಕಲಿತ ಮೇಲೆ. ನಾನು ಅಂಗಡಿ ತೆರೆದ ಹೊಸತರಲ್ಲಿ ನಮ್ಮ ಬೀದಿಯ ಡಾಕ್ಟರರ ಬಳಿ ಕೂಸು ತೂಗುವ ತಕ್ಕಡಿ ಇರಲಿಲ್ಲ. ‘ಬಾಜೂಕಿನ ನೂಲಿನ ಅಂಗಡ್ಯಾಗ ತೂಗಿಸಿಕೊಂಡ ಬರ್ರಿ’ ಅನ್ನುತ್ತಿದ್ದರು. ಸೀರೆಯ ನೂಲು ತೂಗುವ ತಕ್ಕಡಿಯಲ್ಲಿ ನೇಕಾರರ ಕೂಸುಗಳು ಕಾಲು ಬಡಿಯುತ್ತ ಕೂರುತ್ತಿದ್ದವು, ಸಾಹುಕಾರರು ಬೇಸರವಿಲ್ಲದೆ ತೂಗಿ ಚೀಟಿಯ ಮೇಲೆ ಬರೆದು ಕಳಿಸುತ್ತಿದ್ದರು. ಆಮೇಲೆ ಅಂಗನವಾಡಿಗಳಲ್ಲಿ ತೊಲೆಗೆ ತೂಗುಹಾಕಿದ ಗಡಿಯಾರದಂಥ ತಕ್ಕಡಿ ಬಂತು.

ಅಮಾಕ್ಸಿಸಿಲಿನ್ 1972ರಲ್ಲಿ ಹೊರಬಂದ ಔಷಧ. ಹೊಟ್ಟೆಯ ಆಮ್ಲಕ್ಕೆ ಹೆದರುವುದಿಲ್ಲ, ಮಕ್ಕಳ ಕಿವಿ, ಗಂಟಲು, ಪುಪ್ಪುಸದ ಸೋಂಕಿಗೆ ಈಗಲೂ ಮೊದಲ ಸಾಲಿನದು. ಅದಕ್ಕೆ ಒಂದೇ ತಕರಾರು: ನೀರಿನಲ್ಲಿ ಬಹಳ ದಿನ ಉಳಿಯುವುದಿಲ್ಲ, ನಿಧಾನಕ್ಕೆ ಒಡೆದುಹೋಗುತ್ತದೆ. ಕಾರ್ಖಾನೆಯಲ್ಲೇ ನೀರು ಬೆರೆಸಿ ಕಳಿಸಿದರೆ ಬನಹಟ್ಟಿಗೆ ಮುಟ್ಟುವ ಹೊತ್ತಿಗೆ ಬರೀ ಸಿಹಿನೀರು. ಆದ್ದರಿಂದ ಪುಡಿಯನ್ನು ಬಾಟಲಿಗೆ ತುಂಬಿ, ಮೈಮೇಲೆ ಒಂದು ಬಾಣದ ಗುರುತೋ ಗೀಟೋ ಹಾಕಿ, ‘ಕುದಿಸಿ ಆರಿಸಿದ ನೀರನ್ನು ಇಲ್ಲಿಯವರೆಗೆ ಹಾಕಿ’ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದರು. ಡ್ರೈ ಸಿರಪ್ ಅಂದರೆ ಇದು.

ಕಂಪೌಂಡರನ ಕೆಲಸ ಅಂದೇ ತಾಯಿಯ ಅಡುಗೆಮನೆಗೆ ಹೋಯಿತು. ಬೆರೆಸುವುದು, ಅಳೆಯುವುದು, ಅಲುಗಿಸುವುದು, ಎಲ್ಲ. ನಮಗೆ ಇದ್ದ ಪರೀಕ್ಷೆ ಅವಳಿಗೆ ಇರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ. ಕಾಗದದ ಹಲ್ಲಿನ ಪಟ್ಟಿ ಓದಲು ಬರುತ್ತಿದ್ದವಳ ಕೈಗೆ ಓದಲು ಬಾರದ ಚೀಟಿ ಅಂಟಿಸಿದ ಬಾಟಲಿ ಬಂತು. ಕರ್ನಾಟಕ ಸರ್ಕಾರದ ಪಾಲುದಾರಿಕೆಯಲ್ಲಿ 1981ರಲ್ಲಿ ಬೆಂಗಳೂರಿನಲ್ಲೇ ಆ್ಯಂಟಿಬಯೋಟಿಕ್ ಕಂಪನಿ ಶುರುವಾಯಿತು, ಔಷಧ ಅಗ್ಗವಾಯಿತು, ಊರೂರಿಗೆ ಮುಟ್ಟಿತು. ಹೇಗೆ ಬೆರೆಸಬೇಕು ಎಂಬ ಮಾತು ಮಾತ್ರ ಔಷಧದ ಜೊತೆ ಊರು ಮುಟ್ಟಲಿಲ್ಲ.

ಒಂದು ಬಾಟಲಿಯನ್ನು ಹತ್ತಿರದಿಂದ ನೋಡೋಣ. 30 ಎಂಎಲ್ ಬಾಟಲಿ, 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಎಂದು ಬರೆದಿದೆ. ಒಳಗಿರುವ ಔಷಧ ಒಟ್ಟು 750 ಮಿಲಿಗ್ರಾಂ. ತಾಯಿ ಗೀಟು ನೋಡದೆ 20 ಎಂಎಲ್‌ಗೇ ನಿಲ್ಲಿಸಿದಳು ಅನ್ನಿ, ಪ್ರತಿ ಚಮಚಕ್ಕೆ ಔಷಧ ಒಂದೂವರೆಪಟ್ಟು. ಕುತ್ತಿಗೆಯ ತನಕ ತುಂಬಿ 40 ಆಯಿತು ಅನ್ನಿ, ಚಮಚಕ್ಕೆ 94 ಮಿಲಿಗ್ರಾಮೂ ಇಲ್ಲ. ನೊರೆಯದು ಇನ್ನೊಂದು ಮೋಸ. ನೀರು ಹಾಕಿ ಅಲುಗಿಸಿದ ಕೂಡಲೇ ನೊರೆ ಗೀಟಿನ ಮೇಲೆ ಏರಿ ನಿಲ್ಲುತ್ತದೆ, ತುಂಬಿತು ಅಂದುಕೊಳ್ಳುತ್ತಾರೆ. ಕ್ರಮ ಹೀಗೆ: ಮೊದಲು ಮುಚ್ಚಿದ ಬಾಟಲಿಯನ್ನು ಅಂಗೈಗೆ ತಟ್ಟಿ ತಳಕ್ಕೆ ಕಚ್ಚಿದ ಪುಡಿ ಸಡಿಲಿಸಬೇಕು. ಕುದಿಸಿ ಪೂರಾ ಆರಿಸಿದ ನೀರನ್ನು ಗೀಟಿಗಿಂತ ಕೆಳಗೆ ಹಾಕಿ ಚೆನ್ನಾಗಿ ಅಲುಗಿಸಬೇಕು. ನೊರೆ ಇಳಿಯುವ ತನಕ ಕಾಯಬೇಕು. ಕಣ್ಣಿನ ಮಟ್ಟಕ್ಕೆ ಹಿಡಿದು ಕೊರತೆ ಬಿದ್ದಷ್ಟು ತುಂಬಬೇಕು. ಈಗ ಕೆಲವು ಕಂಪನಿಗಳು ಶುದ್ಧ ನೀರಿನ ಸಣ್ಣ ಪ್ಲಾಸ್ಟಿಕ್ ಸೀಸೆಯನ್ನು ಪೆಟ್ಟಿಗೆಯಲ್ಲೇ ಇಡುತ್ತವೆ, ಅದನ್ನು ಪೂರಾ ಹಾಕಿದರೆ ಲೆಕ್ಕ ಕೂಡುತ್ತದೆ. ಅದನ್ನು ಬೇರೆ ಔಷಧವೆಂದು ತಿಳಿದು ಕೂಸಿಗೆ ಕುಡಿಸಿದವರೂ ಉಂಟು, ಕಣ್ಣಿಗೆ ಹಾಕಿದವರೂ ಉಂಟು.

‘ಅಣ್ಣಾರ, ನೀವ ಕಲಿಸಿ ಕೊಟ್ಬಿಡ್ರಿ’ ಎಂದು ಒಬ್ಬ ನೇಕಾರರ ಹೆಣ್ಣುಮಗಳು ಕೇಳಿದ ಮೇಲೆ ನಾನು ಅಂಗಡಿಯಲ್ಲೇ ನೀರು ಕುದಿಸಿ ಆರಿಸಿ ಇಡತೊಡಗಿದೆ. ಅವಳ ಕೈಗೆ ನೂಲಿನ ಕಂಡಕಿ ಸುತ್ತುವುದರಿಂದ ಬಿಡುವಿಲ್ಲ, ಮನೆಯಲ್ಲಿ ಪವರ್‌ಲೂಮಿನ ಸದ್ದಿಗೆ ಹೇಳಿದ್ದು ಕೇಳಿಸುವುದಿಲ್ಲ. ‘ತಂಗಿ, ಕಲಿಸಿ ಕೊಡತೀನಿ, ಆದ್ರ ನೀನೂ ನೋಡಿಕೋ’ ಎಂದು ಅವಳ ಎದುರಿಗೇ ಮಾಡಿ, ಬಾಟಲಿಯ ಮೇಲೆ ಬೆರೆಸಿದ ತಾರೀಖು ಬರೆದೆ. ಆ ತಾರೀಖಿನಿಂದ ಏಳು ದಿನ ಅದರ ಆಯುಷ್ಯ. ಉಳಿದರೆ ಚೆಲ್ಲಬೇಕು. ಮುಂದಿನ ಜ್ವರಕ್ಕೆ, ಪಕ್ಕದ ಮನೆಯ ಕೂಸಿಗೆ ಎಂದು ಎತ್ತಿಡುವ ವಸ್ತು ಅದಲ್ಲ.

ಬೆರೆಸಿದ್ದು ಸರಿಯಾದರೂ ಚಮಚದಲ್ಲಿ ಸೋಲುತ್ತೇವೆ. ಅಡುಗೆಮನೆಯ ಚಮಚಗಳಲ್ಲಿ ಒಂದು ಎರಡೂವರೆ ಎಂಎಲ್ ಹಿಡಿದರೆ ಇನ್ನೊಂದು ಏಳು ಹಿಡಿಯುತ್ತದೆ. ಬಾಟಲಿಯ ಮೇಲಿನ ಅಳತೆ ಬೂಚು ಇರುವುದು ಅದಕ್ಕೇ. ಸೂಜಿಯಿಲ್ಲದ ಸಿರಿಂಜು ಇನ್ನೂ ಒಳ್ಳೆಯದು. ಅದಕ್ಕಿಂತ ದೊಡ್ಡ ಗೊಂದಲ ಪೆಟ್ಟಿಗೆಯ ಮೇಲಿನ ಅಂಕಿಯದು. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಸಿರಪ್ 228.5 ಎಂದೂ ಸಿಗುತ್ತದೆ, 457 ಎಂದೂ ಸಿಗುತ್ತದೆ. ಹೆಸರು ಒಂದೇ, ಬಣ್ಣ ಹೆಚ್ಚುಕಡಿಮೆ ಒಂದೇ, ಔಷಧ ಸರಿಯಾಗಿ ಎರಡುಪಟ್ಟು. ಹೋದ ಸಲದ ಬಾಟಲಿ ತೋರಿಸಿ ‘ಇದೇ ಕೊಡ್ರಿ’ ಅನ್ನುವವರಿಗೆ ನಾನು ಕೊಡುವುದಿಲ್ಲ. ಕೂಸು ಬೆಳೆದಿದೆ, ಬೇನೆ ಬೇರೆ ಇದ್ದೀತು, ಡಾಕ್ಟರರ ಚೀಟಿ ತನ್ನಿ. ನೆಗಡಿ-ಕೆಮ್ಮು ಬಹಳಷ್ಟು ಸಲ ವೈರಸ್ಸಿನದು, ಅದಕ್ಕೆ ಈ ಔಷಧದಿಂದ ಏನೂ ಆಗುವುದಿಲ್ಲ. 2014ರ ಮಾರ್ಚ್ 1ರಿಂದ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿರುವ ಆ್ಯಂಟಿಬಯೋಟಿಕ್ ಕೊಟ್ಟರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಂಬುದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನನ್ನ ವಾರಿಗೆಯ ಅಂಗಡಿಕಾರರು ಇದನ್ನು ಕಿರಿಕಿರಿ ಅನ್ನುತ್ತಾರೆ. ನನಗೆ ಅದು ಅಪ್ಪನ ಕಾಲದ ದವಾಖಾನೆ ಪುಸ್ತಕ ತಿರುಗಿ ಬಂದಂತೆ ಕಾಣುತ್ತದೆ.

ಕುಡಿಸುವ ರೀತಿಯಲ್ಲಿ ಹಳೆಯವರು ಒಂದು ತಪ್ಪು ಮಾಡುತ್ತಿದ್ದರು: ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಒಳಲೆ ಬಗ್ಗಿಸುವುದು. ಔಷಧ ಉಸಿರಿನ ಕೊಳವೆಗೆ ಹೋಗುವ ಅಪಾಯ ಅಲ್ಲಿದೆ. ತಲೆ ಎತ್ತರಿಸಿ ಎದೆಗೊರಗಿಸಿ ಕೂಡಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪ ಬಿಟ್ಟು, ನುಂಗಿದ ಮೇಲೆ ಮತ್ತೆ ಬಿಡಬೇಕು. ಹಾಲಿನ ಬಾಟಲಿಗೆ ಬೆರೆಸಿದರೆ ಕೂಸು ಅರ್ಧ ಹಾಲು ಬಿಟ್ಟಾಗ ಅರ್ಧ ಔಷಧವೂ ಉಳಿಯಿತು. ಕುಡಿದ ಕೂಡಲೇ ವಾಂತಿಯಾದರೆ ಮತ್ತೆ ಕೊಡಬೇಕೋ ಬೇಡವೋ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳುವುದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡರಷ್ಟು ಕೊಡದಿರುವುದು. ಮೈಮೇಲೆ ದದ್ದು ಎದ್ದರೆ ಔಷಧ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಮುಖ ಬಾತು ಉಸಿರು ಕಟ್ಟಿದರೆ ತಡಮಾಡದೆ ದವಾಖಾನೆ. ಹೀಗೆ ಒಮ್ಮೆ ಆದವರು ಪೆನಿಸಿಲಿನ್ ಜಾತಿಯ ಔಷಧ ಆಗದು ಎಂದು ಪ್ರತಿ ಡಾಕ್ಟರಿಗೂ ಹೇಳಬೇಕು.

ಕೋರ್ಸ್ ಮುಗಿಸುವ ಮಾತಿಗೆ ಬಂದರೆ, ಜನ ಅಸಡ್ಡೆ ಮಾಡುತ್ತಾರೆ ಎಂದು ಬೈಯುವುದು ಸುಲಭ. ನನ್ನ ಲೆಕ್ಕ ಬೇರೆ. ದಿನಕ್ಕೆ ಮೂರು ಸಲ 5 ಎಂಎಲ್ ಬರೆದಿದ್ದರೆ 30ರ ಬಾಟಲಿ ಎರಡೇ ದಿನಕ್ಕೆ ಖಾಲಿ. ಐದು ದಿನಕ್ಕೆ ಬೇಕಾದದ್ದು 75, ಅಂದರೆ ಮೂರು ಬಾಟಲಿ. ನೇಕಾರರ ಮನೆಯಲ್ಲಿ ದುಡ್ಡು ಬರುವುದು ವಾರದ ಬಟವಾಡೆಯ ದಿನ. ಮೊದಲ ಬಾಟಲಿ ತೀರುವಷ್ಟರಲ್ಲಿ ಜ್ವರ ಇಳಿದಿರುತ್ತದೆ, ಕೂಸು ಆಡುತ್ತಿರುತ್ತದೆ. ಬಾಟಲಿ ಮುಗಿಯಿತು, ಔಷಧವೂ ಮುಗಿಯಿತು ಎಂದು ಅವರು ತಿಳಿದರೆ ಅದರಲ್ಲಿ ಬಾಟಲಿಯ ಗಾತ್ರದ ಪಾಲೂ ಇದೆ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಹತ್ತು ದಿನ ಬರೆಯುವುದು ಸುಮ್ಮನೆ ಅಲ್ಲ. ಅರೆಬರೆ ಬಿಟ್ಟರೆ ಕೆಲವರಿಗೆ ಸಂಧಿವಾತದ ಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ಆಮೇಲೆ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ, ವರ್ಷಗಟ್ಟಲೆ. ಮುಧೋಳ, ಬೀಳಗಿಯ ಹಳ್ಳಿಗಳಿಂದ ಆ ಸೂಜಿಗಾಗಿ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯರನ್ನು ನಾನು ಬಲ್ಲೆ. ಅವರ ಮದುವೆಯ ಮಾತು ಬಂದಾಗ ಮನೆಯವರು ಆ ಸೂಜಿಯ ಚೀಟಿಯನ್ನು ಬಚ್ಚಿಡುತ್ತಿದ್ದರು.

1989ರಲ್ಲಿ ರೈತರು ತಾವೇ ದುಡ್ಡು ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಕೊಂಡರು. ಅಲ್ಲಿಂದ ಜಮಖಂಡಿ ಕಡೆ ಕಬ್ಬು ಹೆಚ್ಚಿತು, ಕಾರ್ಖಾನೆಗಳು ಬಂದವು, ಸುಗ್ಗಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಬರತೊಡಗಿದವು. ಹೊಲದ ಬದಿಯ ಗುಡಿಸಲಲ್ಲಿ ಕೂಸು ಕಟ್ಟಿಕೊಂಡು ಇರುವ ಅವರಿಗೆ ಕ್ಲಾವುಲನೇಟ್ ಸೇರಿದ ಸಿರಪ್ ಬರೆದುಕೊಟ್ಟರೆ ಅದನ್ನು ಎಲ್ಲಿ ಇಡುತ್ತಾರೆ? ಬೆರೆಸಿದ ಮೇಲೆ ಅದು ಫ್ರಿಜ್ಜಿನಲ್ಲೇ ಇರಬೇಕು. ಬರೀ ಅಮಾಕ್ಸಿಸಿಲಿನ್ ಆದರೆ ಬಿಸಿಲು ತಾಗದ ತಂಪು ಮೂಲೆ ನಡೆಯುತ್ತದೆ, ಆದರೆ ನಮ್ಮ ಮಾರ್ಚ್-ಏಪ್ರಿಲ್ಲಿನ ಗುಡಿಸಲಲ್ಲಿ ತಂಪು ಮೂಲೆ ಎಲ್ಲಿಯದು. ‘ಫ್ರಿಜ್ ಇಲ್ರಿ’ ಎಂದು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಲು ಅವರು ನಾಚುತ್ತಾರೆ. ಹೇಳಿದರೆ ಬೇರೆ ದಾರಿ ಇದೆ.

ಆ ದಾರಿ ನೀರಲ್ಲಿ ಕರಗುವ ಗುಳಿಗೆಯದು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ನಿನ ಈ ಗುಳಿಗೆಯನ್ನೇ ಮುಂದಿಟ್ಟಿತು. ಚಮಚದಲ್ಲಿ ಸ್ವಲ್ಪ ಶುದ್ಧ ನೀರಿಗೋ ಹಿಂಡಿದ ಎದೆಹಾಲಿಗೋ ಹಾಕಿದರೆ ಕ್ಷಣದಲ್ಲಿ ಹರಡಿಕೊಳ್ಳುತ್ತದೆ. ಗೀಟು ಇಲ್ಲ, ನೊರೆ ಇಲ್ಲ, ಫ್ರಿಜ್ ಬೇಡ; ಡಾಕ್ಟರು ಬರೆದದ್ದು ಎಷ್ಟೋ ಅಷ್ಟೇ ಗುಳಿಗೆ ಎಣಿಸಿ ಕೊಡಬಹುದು, ಕೋರ್ಸಿಗೆ ಪೂರಾ ಒಂದೇ ಸಲ. ಅಪ್ಪ ಕಟ್ಟುತ್ತಿದ್ದ ಚೀಟಿಯನ್ನು ಈಗ ಕಾರ್ಖಾನೆ ಕಟ್ಟುತ್ತಿದೆ, ಅಷ್ಟೇ. ಆದರೆ ಗಿರಾಕಿಗೆ ಒಪ್ಪಿಗೆಯಾಗಬೇಕಲ್ಲ. ಗುಳಿಗೆಯ ಪಟ್ಟಿ ಕೈಗಿಟ್ಟರೆ ತಾಯಿ ಒಮ್ಮೆ ಅದನ್ನು, ಒಮ್ಮೆ ಕಪಾಟಿನಲ್ಲಿ ಸಾಲಾಗಿ ನಿಂತ ಬಣ್ಣದ ಬಾಟಲಿಗಳನ್ನು ನೋಡುತ್ತಾಳೆ. ‘ಸಣ್ಣ ಕೂಸರಿ ಅಣ್ಣಾರ, ಟಾನಿಕ್ ಕೊಡ್ರಿ’ ಅನ್ನುತ್ತಾಳೆ. ಮೊನ್ನೆ ಒಬ್ಬಳಿಗೆ ಕೌಂಟರಿನ ಮೇಲೆಯೇ ಚಮಚದಲ್ಲಿ ಗುಳಿಗೆ ಕರಗಿಸಿ ತೋರಿಸಿದೆ. ನೋಡಿದಳು, ಮೂಸಿದಳು, ಹಣ್ಣಿನ ವಾಸನೆ ಐತ್ರಿ ಅಂದಳು, ಒಯ್ದಳು. ಅವಳ ಹಿಂದೆ ನಿಂತಿದ್ದ ಅತ್ತೆ ಮಾತ್ರ ಬೆಲೆ ಕೇಳಿ, ಇಷ್ಟು ಅಗ್ಗದ್ದು ಕೆಲಸ ಮಾಡೀತೇ ಎಂದು ನನ್ನ ಕಡೆ ಸಂಶಯದಿಂದ ನೋಡಿದಳು.